ಬಾಲವಿಲ್ಲದ ರಾಕೆಟ್ಟು

ಕುಕನೂರಿನಲ್ಲಿ ಯಾರಾದರೂ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತ ನಿಂತರೆ ಮೋಡ ಹುಡುಕುತ್ತಿದ್ದಾರೆ ಎಂದೇ ಅರ್ಥ. ಬೇರೆ ಕಾರಣ ಇದ್ದೀತೆಂದು ಯಾರಿಗೂ ಹೊಳೆಯುವುದಿಲ್ಲ. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಬೀಳುವ ಮಳೆ. ಅದೂ ಬಿತ್ತುವಾಗ ಕೈಕೊಟ್ಟು, ಹೆಸರುಕಾಯಿ ಬಿಡಿಸುವಾಗ ತಪ್ಪದೆ ಹಾಜರಾಗುವ ಮಳೆ. ಇಂಥ ಊರಲ್ಲಿ, ಇಡೀ ಸರ್ವೀಸು ಅಂಚೆ ಕಚೇರಿಯೊಳಗೆ ತಲೆ ಬಗ್ಗಿಸಿ ಠಸ್ಸೆ ಹೊಡೆದ ನಾನು, ನಿವೃತ್ತಿಯಾದ ಮೇಲೆ ಮಾಳಿಗೆ ಹತ್ತಿ, ಮೋಡದ ತುಣುಕೂ ಇಲ್ಲದ ಮೇ ತಿಂಗಳ ಆಕಾಶ ನೋಡತೊಡಗಿದರೆ ಓಣಿಯವರಿಗೆ ಆಸೆ ಹುಟ್ಟುವುದು ಸಹಜ.

"ಮಾಸ್ತರ, ಏನರ ಸುಳಿವು ಐತೇನ್ರಿ?" ಎದುರು ಮನೆಯ ಹಿರಿಯರು ಕಟ್ಟೆಯ ಮೇಲಿಂದ ಕೂಗಿದರು.

"ಮಳಿ ಅಲ್ರೀ ಯಪ್ಪಾ, ಗಾಳಿ ನೋಡಾಕತ್ತೀನಿ. ರಾಕೆಟ್ ಕಟ್ಟಾಕತ್ತೀವಿ."

ಅವರು ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದರು. "ಅದನ್ನ ಹಾರಿಸಿದ್ರ ಮಳಿ ಬರ್ತೈತೇನು?"

ನಗುವ ಹಾಗಿಲ್ಲ. 2003ರಲ್ಲಿ 'ವರುಣ' ಎಂದೂ 2017ರಲ್ಲಿ 'ವರ್ಷಧಾರೆ' ಎಂದೂ ಹೆಸರಿಟ್ಟು ಸರ್ಕಾರವೇ ವಿಮಾನ ಕಳಿಸಿ ಮೋಡ ಬಿತ್ತನೆ ಮಾಡಿಸಿದೆ. ಸರ್ಕಾರ ಮಾಡಿದ್ದನ್ನು ಪೆನ್ಷನ್ ತಗೊಳ್ಳುವ ಪೋಸ್ಟ್ ಮಾಸ್ತರ ಯಾಕೆ ಮಾಡಬಾರದು? ಇಲ್ಲರೀ, ಇದು ಬರೀ ಏರುತ್ತದೆ, ಇಳಿಯುತ್ತದೆ ಎಂದೆ. "ಹಂಗಾರ ಏರಿಸೋದ್ ಯಾಕ?" ಎಂದರು. ಜಗತ್ತಿನ ಯಾವ ರಾಕೆಟ್ ಹುಚ್ಚನಿಗೂ ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿದ್ದಂತಿಲ್ಲ.

ಹುಚ್ಚು ಮನೆಗೆ ಬಂದದ್ದು ನನ್ನ ಅಕ್ಕನ ಮಗನಿಂದ. ಲಾಸ್ ಏಂಜಲೀಸ್ ಕಡೆ ಕೆಲಸ ಅವನಿಗೆ. ಮನೆಯ ಮದುವೆಗೆಂದು ಊರಿಗೆ ಬಂದವನು ಬಾದಾಮಿ, ಚಾಕಲೇಟು, ನೋವಿನ ಮುಲಾಮುಗಳ ಜೊತೆ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿದ. ಒಳಗೆ ನಾಲ್ಕು ಇಂಚು ದಪ್ಪದ ಗಟ್ಟಿ ಕಾಗದದ ಕೊಳವೆಗಳು, ಪ್ಲಾಸ್ಟಿಕ್ಕಿನ ಚೂಪು ಮೂತಿ, ಪ್ಲೈವುಡ್ಡಿನ ರೆಕ್ಕೆಗಳು, ಮೋಟಾರು ಕೂರುವ ಸಣ್ಣ ಕೊಳವೆ, ಅದನ್ನು ದೊಡ್ಡ ಕೊಳವೆಯ ನಟ್ಟನಡುವೆ ಹಿಡಿದಿಡುವ ಮರದ ಬಳೆಗಳು, ನೈಲಾನ್ ಪ್ಯಾರಾಶೂಟು, ರಬ್ಬರಿನ ಪಟ್ಟಿ. ಮೋಟಾರು ಮಾತ್ರ ಇಲ್ಲ. ಅದನ್ನು ವಿಮಾನದಲ್ಲಿ ತರಲು ಬಿಡುವುದಿಲ್ಲ. ರಜೆಯಲ್ಲಿ ನಿಶ್ಚಿಂತೆಯಿಂದ ಕೂತು ಕಟ್ಟುತ್ತೇನೆ ಎಂದುಕೊಂಡು ತಂದಿದ್ದನಂತೆ. ಮದುವೆ ಮನೆಯಲ್ಲಿ ನಿಶ್ಚಿಂತೆಯಿಂದ ಕೂರುವ ಹಕ್ಕು ಹಂದರದ ಕಂಬಕ್ಕೂ ಇಲ್ಲ ಎಂಬುದನ್ನು ಅಮೆರಿಕ ಅವನಿಗೆ ಮರೆಸಿತ್ತು. ಹೀಗಾಗಿ ಪೆಟ್ಟಿಗೆ ನನ್ನ ಕೊರಳಿಗೆ ಬಿತ್ತು. "ಮಾಮಾ, ನೀವು ಅಂಟು ಹಚ್ಚಿರ್ರಿ, ನಾ ಬೀಗರ ಊಟ ಮುಗಿಸ್ಕೊಂಡ್ ಬಂದೆ" ಎಂದು ಹೋದವನು ಸಂಜೆಗೆ ಹೊಟ್ಟೆ ಹಿಡಿದುಕೊಂಡು ಬಂದು ಮಲಗಿದ.

ಈ ಆಟದ ಶಾಸ್ತ್ರವನ್ನು ಅವನು ಮಲಗಿಯೇ ಹೇಳಿಕೊಟ್ಟ. ಮೋಟಾರುಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರು. 'ಎ' ಎಂದರೆ ಹೆಚ್ಚೆಂದರೆ ಎರಡೂವರೆ ನ್ಯೂಟನ್-ಸೆಕೆಂಡಿನಷ್ಟು ಒಟ್ಟು ನೂಕು. ಒಂದೊಂದು ಅಕ್ಷರ ಮುಂದಕ್ಕೆ ಹೋದಂತೆ ಮಿತಿ ದುಪ್ಪಟ್ಟಾಗುತ್ತದೆ. 'ಎಚ್' ಶುರುವಾಗುವುದು 160 ದಾಟಿದ ಮೇಲೆ. ಅಲ್ಲಿಂದ ಮುಂದಿನದೆಲ್ಲ 'ಹೈ ಪವರ್'. ಎಚ್, ಐ ಹಾರಿಸಲು ಮೊದಲ ದರ್ಜೆಯ ಪ್ರಮಾಣಪತ್ರ ಬೇಕು, ಜೆ, ಕೆ, ಎಲ್‌ಗೆ ಎರಡನೆಯದು, ಎಂ, ಎನ್, ಓಗೆ ಮೂರನೆಯದು. ಪತ್ರ ಕೊಡಲು ಅಮೆರಿಕದಲ್ಲಿ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿ, ಟ್ರಿಪೋಲಿ ಎಂಬ ಎರಡು ಸಂಘಗಳಿವೆ. ಅಳಿಯ ಮೊದಲ ದರ್ಜೆ ಪಾಸಾದವನು. ನನಗೆ ಹಿಡಿಸಿದ್ದು ಆ ಪರೀಕ್ಷೆಯ ಕ್ರಮ. ರಾಕೆಟ್ಟನ್ನು ಪರೀಕ್ಷೆಗೆ ಕೂತವನೇ ಕಟ್ಟಿರಬೇಕು. ನಮ್ಮ ಕಾಲೇಜು ಹುಡುಗರ ಪ್ರಾಕ್ಟಿಕಲ್ ಜರ್ನಲ್ಲುಗಳನ್ನು ಅವರ ಅಕ್ಕಂದಿರು ಬರೆದುಕೊಟ್ಟದ್ದು ಕಂಡವನಾದ್ದರಿಂದ ಇದು ನನಗೆ ಕೊಂಚ ಕಟ್ಟುನಿಟ್ಟು ಅನಿಸಿತು. ಎರಡನೆಯದಾಗಿ, ಎಷ್ಟೆತ್ತರ ಹೋಯಿತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಪ್ಯಾರಾಶೂಟು ಬಿಚ್ಚಿಕೊಂಡು, ಮತ್ತೊಮ್ಮೆ ಹಾರಿಸುವ ಹಾಗೆ ಇಳಿದದ್ದನ್ನು ಹೊತ್ತು ತಂದು ಮೇಜಿನ ಮೇಲಿಟ್ಟರೆ ಪಾಸು. ಏರುವವರನ್ನೆಲ್ಲ ಹೀಗೆ ಇಳಿದ ಮೇಲೆ ತೂಗಿ ನೋಡುವ ಪದ್ಧತಿ ನಮ್ಮ ಪಂಚಾಯತಿಗಳಲ್ಲಿ ಇದ್ದಿದ್ದರೆ ಎಂದು ಆ ಕ್ಷಣ ಅನಿಸಿದ್ದು ನಿಜ, ಆದರೆ ಪೆನ್ಷನ್ ತಗೊಳ್ಳುವವರು ಆ ಕಡೆ ಹೆಚ್ಚು ಹೋಗಬಾರದು.

ಆಟ ಹುಟ್ಟಿದ್ದೂ ಜೀವ ಉಳಿಸಲಿಕ್ಕೆ. 1954ರಲ್ಲಿ ನೆಬ್ರಾಸ್ಕದ ನಾರ್ಫೋಕ್ ಎಂಬ ಊರಲ್ಲಿ ಓರ್ವಿಲ್ ಕಾರ್ಲೈಲ್ ಎಂಬ ಬೂಟಿನ ಅಂಗಡಿಯವನು, ಅಣ್ಣತಮ್ಮರ ಜೋಡಿಯಾಗಿ, ಕಾಗದದ ಕೊಳವೆಯ ರಾಕೆಟ್ಟೊಂದನ್ನೂ ಅದಕ್ಕೆ ಕಾರ್ಟ್ರಿಜ್ಜಿನಂತೆ ತೆಗೆದು ಹಾಕುವ ಮೋಟಾರನ್ನೂ ಮಾಡಿದ. ಆಗಿನ ಹುಡುಗರು ಕಬ್ಬಿಣದ ಪೈಪಿಗೆ ಮದ್ದು ತುಂಬಿ ಕೈಕಾಲು ಕಳಕೊಳ್ಳುತ್ತಿದ್ದರು. ಜಿ. ಹ್ಯಾರಿ ಸ್ಟೈನ್ ಎಂಬಾತ ಆ ಬಗ್ಗೆ ಬರೆದದ್ದನ್ನು ಓದಿ ಕಾರ್ಲೈಲ್ ತನ್ನ ಮಾದರಿಗಳನ್ನು ಅವನಿಗೆ ಕಳಿಸಿಕೊಟ್ಟ. ಮೇಲೆ ಹೇಳಿದ ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಹಾಗೆ. ಸಣ್ಣ ಮಾದರಿ ರಾಕೆಟ್ಟುಗಳಲ್ಲಿ ಕಾಗದ, ಮರ, ಪ್ಲಾಸ್ಟಿಕ್ಕಿನಂಥ ಹಗುರ ವಸ್ತು ಬಿಟ್ಟು ಒಡಲಿಗೆ ಲೋಹ ತಾಗಿಸಬಾರದೆಂಬ ನಿಯಮ ಇವತ್ತಿಗೂ ಇದೆ.

ರಾಕೆಟ್ ಕಟ್ಟುವುದೆಂದರೆ ಅಂಟು ಹಚ್ಚುವುದು ಮತ್ತು ಕಾಯುವುದು. ಬಳೆಗೆ ಅಂಟು, ಕಾಯುವುದು. ರೆಕ್ಕೆಗೆ ಅಂಟು, ಕಾಯುವುದು. ರೆಕ್ಕೆಯ ಬುಡಕ್ಕೆ ಎರಡೂ ಕಡೆ ಬೆರಳಿನಿಂದ ತೀಡಿದ ಹಾಗೆ ಅಂಟಿನ ಇಳಿಜಾರು, ಮತ್ತೆ ಕಾಯುವುದು. ಎಪಾಕ್ಸಿ ಎಂಬುದು ಎರಡು ಬಾಟಲಿಗಳ ದಾಂಪತ್ಯ. ಬೇರೆಬೇರೆ ಇದ್ದಾಗ ತಣ್ಣಗಿದ್ದು ಕೂಡಿದ ಮೇಲೆ ಕಾವೇರುತ್ತದೆ. ಅರ್ಧ ತಾಸು ಕೈಗೆ ಸಿಗುತ್ತದೆ ಎಂದು ಬಾಟಲಿಯ ಮೇಲೆ ಬರೆದಿದ್ದರು. ಬರೆದವರು ಕುಕನೂರಿನ ಮೇ ತಿಂಗಳನ್ನು ಕಂಡಿರಲಿಲ್ಲ. ನಲವತ್ತು ಡಿಗ್ರಿಯ ಸೆಕೆಗೆ ಅದು ಬಟ್ಟಲಲ್ಲೇ ಕುದಿಯತೊಡಗಿ, ಹೊಗೆಯಾಡಿ, ಹಚ್ಚುವ ಕಡ್ಡಿಯನ್ನು ಒಳಗೇ ಹಿಡಿದುಕೊಂಡು ಕಲ್ಲಾಗುತ್ತಿತ್ತು. ಆಮೇಲೆ ಅಂಟಿನ ಕೆಲಸವನ್ನೆಲ್ಲ ಬೆಳಗಿನ ಜಾವಕ್ಕೆ ಹಾಕಿಕೊಂಡೆವು; ಒಮ್ಮೆಗೆ ಒಂದು ಚಮಚೆ ಮೀರದಂತೆ, ಅಗಲ ತಟ್ಟೆಯಲ್ಲಿ ತೆಳ್ಳಗೆ ಹರವಿ. ರಾಶಿಯಾಗಿದ್ದರೆ ಬೇಗ ಕಾಯುತ್ತದೆ, ಹರಡಿದರೆ ತಡೆದುಕೊಳ್ಳುತ್ತದೆ.

ಕಾಯುವ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಗದಗ–ವಾಡಿ ರೈಲು ಮಾರ್ಗದ ಮಾತು ಕೇಳುತ್ತ ನಮ್ಮ ತಲೆಗೂದಲು ಬೆಳ್ಳಗಾದವು. ತಳಕಲ್ಲಿನಿಂದ ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿಗೆ ರೈಲು ಓಡಿದ್ದು 2025ರ ಮೇ ತಿಂಗಳಲ್ಲಿ. ಇಂಥವರಿಗೆ ಇಪ್ಪತ್ನಾಲ್ಕು ತಾಸಿನ ಅಂಟು ಯಾವ ಲೆಕ್ಕ?

ರೆಕ್ಕೆಗಳ ಅಂಚನ್ನು ಉಜ್ಜಿ ದುಂಡಗೆ ಮಾಡಲು ಓಣಿಯ ಬಡಿಗೇರರು ಬಂದರು. ಅವರ ಮುಂದೆ ಅಳಿಯನ ಕಾಗದದ ನಕ್ಷೆ ನಡೆಯಲಿಲ್ಲ. ಕೊಳವೆಯ ಸುತ್ತ ದಾರ ಸುತ್ತಿ, ದಾರವನ್ನು ನಾಲ್ಕು ಮಡಿಕೆ ಮಾಡಿ ಗುರುತು ಹಾಕಿದರು; ಬಾಗಿಲ ಚೌಕಟ್ಟಿನ ಮೂಲೆಗೆ ಕೊಳವೆಯನ್ನು ಒತ್ತಿ ಹಿಡಿದು ನೆಟ್ಟಗೆ ಗೆರೆ ಎಳೆದರು. ಆಮೇಲೆ ಫೋನಿನಲ್ಲಿ ಅಳತೆ ನೋಡಿದ ಅಳಿಯ ಮಾತಾಡಲಿಲ್ಲ. ಮೂತಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ ಬಡಿಗೇರರು, "ಇದು ಚರಕಿಯೊಳಗ ತಿರುವಿದ್ದಲ್ಲ" ಎಂದು ತೀರ್ಪು ಕೊಟ್ಟರು. ಕೊಡುವ ಅಧಿಕಾರ ಈ ಸೀಮೆಯವರಿಗೆ ಇದೆ. ಹತ್ತಿರದ ಇಟಗಿಯಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿಯಿದೆ. ಅದರ ಕಂಬಗಳು ಕಲ್ಲನ್ನೇ ಚರಕಿಗೆ ಹಾಕಿ ತಿರುವಿದಂಥವು, ಬೆರಳಾಡಿಸಿದರೆ ಎಲ್ಲೂ ತಡೆಯುವುದಿಲ್ಲ. ಅಂಟಿನ ಬಗ್ಗೆಯೂ ಬಡಿಗೇರರಿಗೆ ಅಸಮಾಧಾನ. ಕಿನ್ನಾಳದ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದಲೇ ಕೂಡಿಸಿ ಗರುಡ, ಹನುಮಂತರನ್ನು ಮಾಡಿ ತಲೆಮಾರುಗಟ್ಟಲೆ ಉಳಿಸಿದ್ದಾರೆ, ಇದ್ಯಾವ ಬಾಟಲಿ ಅಂಟು ಎಂದರು. ಹುಣಸೆ ಅಂಟಿನ ಹನುಮಂತ ಹಾರುವುದಿಲ್ಲವಲ್ಲ ಎಂದು ಅಳಿಯ ಮೆಲ್ಲಗೆ ಅಂದ. "ಹನಮಪ್ಪ ಹಾರಂಗಿಲ್ಲಾ?" ಎಂದು ಅವರು ಕೇಳಿದ ರೀತಿಗೆ ಆತ ಬಾಯಿ ಮುಚ್ಚಿಕೊಂಡ.

ಎಲ್ಲ ಕೂಡಿಸಿ ತೊಲೆಗೆ ಹಗ್ಗ ಕಟ್ಟಿ ರಾಕೆಟ್ಟನ್ನು ಅಡ್ಡಡ್ಡ ತೂಗುಬಿಟ್ಟೆವು. ಯಾವ ಜಾಗದಲ್ಲಿ ಹಗ್ಗ ಹಾಕಿದರೆ ಅತ್ತಿತ್ತ ವಾಲದೆ ನಿಲ್ಲುತ್ತದೋ ಅದು ತೂಕದ ಕೇಂದ್ರ. ಗಾಳಿಯ ಒತ್ತಡವೆಲ್ಲ ಒಂದೆಡೆ ಸೇರುವ ಬಿಂದು ಇನ್ನೊಂದಿದೆ; ಅದನ್ನು ಲೆಕ್ಕ ಹಾಕುವ ಸೂತ್ರಗಳನ್ನು ಜೇಮ್ಸ್ ಬ್ಯಾರೋಮನ್ ಎಂಬಾತ 1960ರ ದಶಕದಲ್ಲಿ ಹವ್ಯಾಸಿಗಳಿಗೆ ನಿಲುಕುವಂತೆ ಮಾಡಿಕೊಟ್ಟಿದ್ದಾನೆ. ತೂಕದ ಕೇಂದ್ರ ಮುಂದಿರಬೇಕು, ಒತ್ತಡದ ಕೇಂದ್ರ ಹಿಂದಿರಬೇಕು, ನಡುವೆ ಕೊಳವೆಯ ದಪ್ಪದಷ್ಟಾದರೂ ಅಂತರ ಬೇಕು. ತಿರುಗಮುರುಗಾದರೆ ರಾಕೆಟ್ಟು ಹಾರಿಸಿದವನನ್ನೇ ಹುಡುಕಿಕೊಂಡು ಬರುತ್ತದೆ. ದೀಪಾವಳಿಗೆ ಸೀಸೆಯೊಳಗಿಟ್ಟು ಹಾರಿಸುವ ರಾಕೆಟ್ಟಿಗೆ ಉದ್ದನೆಯ ಕಡ್ಡಿ ಇರುವುದು ಇದಕ್ಕೇ. ಕಡ್ಡಿ ಮುರಿದುಕೊಂಡು ಬಿಟ್ಟರೆ ಅದು ಯಾರ ಧೋತರ ಸೇರುತ್ತದೆಂದು ಹೇಳಲಾಗುವುದಿಲ್ಲ. ಓಣಿಯ ಹುಡುಗರು ನಮ್ಮ ರಾಕೆಟ್ಟನ್ನು ಸುತ್ತು ಹಾಕಿ ನೋಡಿ, "ಇದಕ್ಕ ಬಾಲ ಎಲ್ಲೈತ್ರಿ ಅಜ್ಜಾರ?" ಎಂದದ್ದು ಅದಕ್ಕೇ. ಬಾಲದ ಕೆಲಸವನ್ನು ಇಲ್ಲಿ ರೆಕ್ಕೆ ಮಾಡುತ್ತದೆ ಎಂದು ತಿಳಿಸುವಷ್ಟರಲ್ಲಿ ಅವರು ಐಸ್ ಕ್ಯಾಂಡಿಯವನ ಹಿಂದೆ ಹೋಗಿದ್ದರು.

ಬಾಲದ ರಾಕೆಟ್ಟು ನಮ್ಮದೇ. ಹೈದರ್, ಟಿಪ್ಪುವಿನ ಸೈನ್ಯಗಳು ಕಬ್ಬಿಣದ ಕೊಳವೆಗೆ ಮದ್ದು ಗಿಡಿದು, ಉದ್ದನೆಯ ಬಿದಿರು ಕಟ್ಟಿ ಬಿಡುತ್ತಿದ್ದವು. 1780ರಲ್ಲಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರು ಅದರ ರುಚಿ ನೋಡಿದರು. ಬೇರೆಯವರ ಕಾಗದದ ಕೊಳವೆ ಒಳಗಿನ ಒತ್ತಡ ತಾಳುತ್ತಿರಲಿಲ್ಲ, ಕಬ್ಬಿಣ ತಾಳಿತು. ಅದಕ್ಕೇ ಅಷ್ಟು ದೂರ ಹೋಯಿತು. ಹೊಸನಗರ ತಾಲ್ಲೂಕಿನ ನಗರದಲ್ಲಿ ಪಾಳುಬಾವಿಯೊಂದನ್ನು ಕೆದಕಿದಾಗ 2018ರಲ್ಲಿ ಸಾವಿರದಷ್ಟು ಇಂಥ ಕೊಳವೆಗಳು ಸಿಕ್ಕವು. ನಮ್ಮ ಕೊಪ್ಪಳದ ಕೋಟೆಯನ್ನು ಗಟ್ಟಿ ಮಾಡಿಸಿದವನೂ ಟಿಪ್ಪುವೇ. 1790–91ರಲ್ಲಿ ಇಂಗ್ಲಿಷರು ಮತ್ತು ನಿಜಾಮರ ದಂಡು ಅದರ ಕೆಳಗೆ ತಿಂಗಳುಗಟ್ಟಲೆ ಬೀಡುಬಿಟ್ಟು ಕೂತಿತ್ತು. ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ ಅವುಗಳ ದಾರಿಯಲ್ಲಿ ತನ್ನವನ್ನು ಮಾಡಿಸಿದ. 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಅವು ಬಿದ್ದು ಅಮೆರಿಕದ ರಾಷ್ಟ್ರಗೀತೆಯೊಳಗೂ ಸೇರಿಕೊಂಡವು. ಅದೇ ಅಮೆರಿಕದಿಂದ, ಬಾಲ ಕಳಚಿಕೊಂಡು ರೆಕ್ಕೆ ಕಟ್ಟಿಕೊಂಡು ಈಗ ನಮ್ಮ ಪಡಸಾಲೆಗೆ ಬಂದು ನಿಂತ ಈ ವಸ್ತು, ಊರೂರು ಅಲೆದು ಮೈತುಂಬ ಠಸ್ಸೆ ಹೊಡೆಸಿಕೊಂಡು ಕಳಿಸಿದವರ ವಿಳಾಸಕ್ಕೇ ವಾಪಸಾದ ರಿಜಿಸ್ಟರ್ ಪತ್ರದಂತೆ ನನಗೆ ಕಂಡಿತು.

ಅಂಚೆಯ ಮಾತು ಬಂದದ್ದರಿಂದ ನಮ್ಮ ಇಲಾಖೆಯ ಪರವಾಗಿ ಒಂದು ವಿಷಯ ಹೇಳದೆ ಇರಲಾರೆ. ರಾಕೆಟ್ಟಿನಲ್ಲಿ ಟಪಾಲು ಕಳಿಸಿದವರೂ ನಮ್ಮ ದೇಶದಲ್ಲಿದ್ದರು. ಸ್ಟೀಫನ್ ಸ್ಮಿತ್ ಎಂಬ ಕಲ್ಕತ್ತೆಯ ಮನುಷ್ಯ 1934ರಿಂದ ಹತ್ತು ವರ್ಷ ಹೊಳೆ, ಸಮುದ್ರ, ಗುಡ್ಡಗಳ ಮೇಲೆ ಪತ್ರ ತುಂಬಿದ ರಾಕೆಟ್ಟು ಹಾರಿಸುತ್ತಲೇ ಇದ್ದ. 1935ರ ಜೂನಿನಲ್ಲಿ ಒಂದು ಹುಂಜ, ಒಂದು ಹೇಂಟೆಯನ್ನು ಕೂರಿಸಿ ದಾಮೋದರ ನದಿ ದಾಟಿಸಿದ. ಎರಡೂ ಜೀವಂತ ಇಳಿದವು. 1992ರಲ್ಲಿ ಅವನ ಹೆಸರಿನಲ್ಲಿ ಅಂಚೆಚೀಟಿ ಬಂತು. ಈ ಕತೆ ಹೇಳಿದ್ದೇ ತಪ್ಪಾಯಿತು, ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿದ ಪಕ್ಕದ ಮನೆಯಾಕೆ ಅಂದಿನಿಂದ ನಮ್ಮ ಮನೆಯ ಕಡೆ ಒಂದು ಕಣ್ಣಿಟ್ಟಳು.

ಗಾತ್ರ ನೋಡಿ ಇದನ್ನು ಆಟಿಕೆ ಎನ್ನುವವರಿಗೆ ಅಳಿಯನ ಬಳಿ ಒಂದು ಸಿದ್ಧ ಉತ್ತರವಿತ್ತು. 1967ರ ನವೆಂಬರಿನಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ಹಾರಿದ, ನಮ್ಮ ದೇಶದವರೇ ಕಟ್ಟಿದ ಮೊದಲ ಸೌಂಡಿಂಗ್ ರಾಕೆಟ್ಟು ರೋಹಿಣಿ-75. ಎಪ್ಪತ್ತೈದು ಅಂದರೆ ಅದರ ಅಡ್ಡಳತೆ, ಮಿಲಿಮೀಟರಿನಲ್ಲಿ. ನಮ್ಮ ಪಡಸಾಲೆಯದು ನೂರು ದಾಟಿತ್ತು. ದಪ್ಪದಲ್ಲಿ ಕುಕನೂರು ತುಂಬಾವನ್ನು ಮೀರಿಸಿದೆ ಎಂಬ ಸುದ್ದಿ ಬಸ್ ಸ್ಟ್ಯಾಂಡಿನ ಚಾ ಅಂಗಡಿ ತನಕ ಹೋಯಿತು. ಅಲ್ಲಿಂದ ವಾಪಸು ಬರುವಾಗ ಎತ್ತರದಲ್ಲೂ ಮೀರಿಸಿತ್ತು.

ಸರಿ, ಹಾರಿಸುವುದು ಯಾವಾಗ ಎಂದು ಎಲ್ಲರೂ ಕೇಳತೊಡಗಿದರು. ಇಲ್ಲಿ ಆಗುವುದಿಲ್ಲ. ಎಚ್ ಮೋಟಾರಿನೊಳಗಿರುವುದು ಅಮೋನಿಯಂ ಪರ್‌ಕ್ಲೋರೇಟನ್ನು ರಬ್ಬರಿನಂಥ ಅಂಟಿನಲ್ಲಿ ಕಲಸಿ ಎರಕ ಹೊಯ್ದ ಇಂಧನ. ಪ್ಯಾರಾಶೂಟನ್ನು ಹೊರಗೆ ನೂಕಲು ಚಿಟಿಕೆ ಕರಿಮದ್ದೂ ಬೇಕು. 1884ರ ಸ್ಫೋಟಕ ಕಾಯ್ದೆ, 2008ರ ನಿಯಮಗಳು, ಪರವಾನಗಿ, ವಾಯುಪ್ರದೇಶದ ಅನುಮತಿ. ಕಿರಾಣಿ ಅಂಗಡಿಗೆ ಚೀಟಿ ಬರೆದು ತರಿಸುವ ಸಾಮಾನಲ್ಲ. ನಿಯಮ ಬೇಡ ಎನ್ನುವವನು ನಾನಲ್ಲ; ಸೀಸೆಯ ರಾಕೆಟ್ಟು ಬಣವೆಗೆ ಬಿದ್ದದ್ದು ಕಂಡಿದ್ದೇನೆ. ಆದರೆ ಮಣಿಪಾಲದ ಎಂಜಿನಿಯರಿಂಗ್ ಹುಡುಗ ಹುಡುಗಿಯರ ಥ್ರಸ್ಟ್‌ಎಂಐಟಿ ತಂಡ ತಾವು ಕಟ್ಟಿದ ರಾಕೆಟ್ಟನ್ನು ಸ್ಪರ್ಧೆಗಾಗಿ ನ್ಯೂ ಮೆಕ್ಸಿಕೋದ ಮರುಭೂಮಿಗೆ ಒಯ್ಯಬೇಕಾಗಿತ್ತು ಎಂದು ನೆನೆದಾಗ ಯಾಕೋ ಸಂಕಟವಾಗುತ್ತದೆ. ನಮ್ಮ ತಾಲ್ಲೂಕಿನ ಭಾನಾಪುರದಲ್ಲೇ 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್ ಆಗಲೆಂದು 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದಿದೆ. ಗೊಂಬೆ, ಕಾರುಗಳ ಜೊತೆ ಒಂದು ಮೂಲೆಯಲ್ಲಿ ಇದಕ್ಕೂ ಜಾಗ ಮಾಡಿ, ಸುಗ್ಗಿ ಮುಗಿದ ಎರೆ ಹೊಲವೊಂದನ್ನು ಭಾನುವಾರಕ್ಕೆ ಬಿಟ್ಟುಕೊಟ್ಟರೆ ಸಾಕು. ಆ ಹೊಲಗಳಲ್ಲಿ ಕಣ್ಣು ಹಾಯುವಷ್ಟು ದೂರ ಒಂದು ಗಿಡವಿಲ್ಲ. ನಾನು ಮಾಳಿಗೆಯ ಮೇಲೆ ನಿಂತು ಗಾಳಿ ನೋಡುತ್ತಿದ್ದದ್ದು ಈ ಲೆಕ್ಕಕ್ಕೆ: ಇಲ್ಲೇ ಬಿಟ್ಟರೆ ಪ್ಯಾರಾಶೂಟು ಗುದ್ನೆಪ್ಪನ ಮಠದ ಕಡೆ ತೇಲೀತೋ, ರೈಲ್ವೆ ಸ್ಟೇಷನ್ ಕಡೆಯೋ ಎಂದು.

ಅಳಿಯ ಅದನ್ನು ಮೂರು ತುಂಡಾಗಿ ಕಳಚಿ, ಶೇಂಗಾ ಚಟ್ನಿ, ಕಟಕ ರೊಟ್ಟಿಗಳ ನಡುವೆ ಹುದುಗಿಸಿ ಒಯ್ದ. ಹಾರಿಸಿದ್ದು ಮೊಹಾವಿ ಮರುಭೂಮಿಯ ಲೂಸರ್ನ್ ಎಂಬ ಬತ್ತಿದ ಕೆರೆಯಲ್ಲಿ. ಅಲ್ಲಿ ರಾಕೆಟ್ರಿ ಆರ್ಗನೈಸೇಶನ್ ಆಫ್ ಕ್ಯಾಲಿಫೋರ್ನಿಯಾ ಎಂಬ ಕೂಟದವರು ಸೇರುತ್ತಾರೆ. ಅವರಿಗೆ ಬೆಳಗಿನ ಹತ್ತಾದಾಗ ನಮಗೆ ರಾತ್ರಿ ಹತ್ತೂವರೆ. ಊಟ ಮುಗಿಸಿದ ಓಣಿ ನಮ್ಮ ಕಟ್ಟೆಯ ಮೇಲೆ ಫೋನಿನ ಸುತ್ತ ಕೂತಿತು. ಪರದೆಯ ತುಂಬ ಬಿಳಿಚಿದ, ಬಿರುಕು ಬಿಟ್ಟ ನೆಲ.

"ಕೆರಿ ಬತ್ತಿದ್ರ ಅಲ್ಲಿ ರಾಕೆಟ್ ಹಾರಿಸ್ತಾರ?" ಎದುರು ಮನೆಯ ಹಿರಿಯರು ಕೇಳಿದರು. "ನಮ್ಮಲ್ಲಿ ತಹಸೀಲ್ದಾರಗ ಅರ್ಜಿ ಕೊಡ್ತಾರ."

ಅಲ್ಲಿಯ ಸುರಕ್ಷಾ ಅಧಿಕಾರಿ ರೆಕ್ಕೆಗಳನ್ನು ಹಿಡಿದು ಅಲುಗಿಸಿ ನೋಡಿದ, ಮೂತಿಯನ್ನು ಎಳೆದು ನೋಡಿದ. ರೆಕ್ಕೆಯ ಬುಡದ ಅಂಟಿನ ಮೇಲೆ ಹೆಬ್ಬೆರಳಾಡಿಸಿ ಏನೋ ಅಂದ. "ಕೆಲಸ ಚಲೋ ಆಗೇತಂತ, ಬಡಿಗೇರ ಮಾಮಾಗ ಹೇಳ್ರಿ" ಎಂದು ಅಳಿಯ ಕೂಗಿದ. ಬಡಿಗೇರರು ತಲೆಯ ರುಮಾಲು ಸರಿ ಮಾಡಿಕೊಂಡರು. ಲೋಹದ ಹಳಿಗೆ ಏರಿಸಿ, ತಂತಿ ಜೋಡಿಸಿ, ಎಲ್ಲರೂ ನೂರು ಅಡಿಗಿಂತ ಹಿಂದೆ ಸರಿದು ಐದರಿಂದ ಇಳಿಎಣಿಕೆ ಶುರು ಮಾಡಿದರು. ಎರಡು ಎನ್ನುವಷ್ಟರಲ್ಲಿ ನೆಟ್‌ವರ್ಕ್ ನಿಂತಿತು. ಚಕ್ರ ತಿರುಗತೊಡಗಿತು. ಮತ್ತೆ ಚಿತ್ರ ಬರುವಷ್ಟರಲ್ಲಿ ಹಳಿ ಖಾಲಿ, ಬರೀ ಹೊಗೆ. ಮೋಟಾರು ಉರಿಯುವುದು ಒಂದೆರಡು ಸೆಕೆಂಡು ಅಷ್ಟೇ. ಅಲ್ಲಿ ನಿಂತವರೆಲ್ಲ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದರು. ಸಾವಿರದ ಚಿಲ್ಲರೆ ಅಡಿ ಏರಿತ್ತಂತೆ. ಆಮೇಲಿನದ್ದನ್ನು ನಾವು ಪೂರ್ತಿ ನೋಡಿದೆವು: ಟಪ್ ಎಂದು ಸಣ್ಣ ಸದ್ದು, ಕೊಳವೆ ಎರಡಾಗಿ ಬಿಚ್ಚಿಕೊಂಡು ಕೇಸರಿ ಪ್ಯಾರಾಶೂಟು ಅರಳಿ, ಗಾಳಿ ಕರೆದ ಕಡೆಗೆಲ್ಲ ಹೋಗುತ್ತ, ಆತುರವೇ ಇಲ್ಲದೆ ಇಳಿದದ್ದು. ಏರುವುದು ತಪ್ಪಿಹೋಯಿತು ಎಂದು ಓಣಿಯಲ್ಲಿ ಒಬ್ಬರೂ ಬೇಜಾರು ಮಾಡಿಕೊಳ್ಳಲಿಲ್ಲ. ಇಳಿಯುವುದನ್ನೇ ಎರಡು ಸಲ ಹಾಕಿಸಿಕೊಂಡು ನೋಡಿದರು.

ಅಳಿಯ ಬಿಸಿಲಲ್ಲಿ ಬಹಳ ದೂರ ನಡೆದು ಹೋಗಿ ಎತ್ತಿಕೊಂಡ. ಒಂದು ರೆಕ್ಕೆ ಕಲ್ಲಿಗೆ ತಾಗಿ ಸೀಳಿತ್ತು. ಅಂಟು ಬಿಟ್ಟಿರಲಿಲ್ಲ, ಮರ ಒಡೆದಿತ್ತು. ಈ ವ್ಯತ್ಯಾಸವನ್ನು ಬಡಿಗೇರರು ಬಸ್ ಸ್ಟ್ಯಾಂಡಿನ ತನಕ ಸಾರಿ ಬಂದರು. ಅಮೆರಿಕದ ಪ್ಲೈವುಡ್ಡಿನ ಮೇಲೆ ಅವರಿಗೆ ಮೊದಲಿನಿಂದಲೂ ವಿಶ್ವಾಸವಿರಲಿಲ್ಲ. ಮರುದಿನವೇ ಹಳೆಯ ನಕ್ಷೆ ಕೇಳಿ ತಗೊಂಡು, ತಮ್ಮಲ್ಲಿದ್ದ ಹಲಗೆಯಲ್ಲಿ ಹೊಸ ರೆಕ್ಕೆ ಕೊಯ್ದು, ಉಜ್ಜಿ, ಎಣ್ಣೆ ಒರೆಸಿ ತಂದುಕೊಟ್ಟರು. ಅದನ್ನು ರಟ್ಟಿನಲ್ಲಿ ಸುತ್ತಿ ಹೊಲಿದು ವಿದೇಶಕ್ಕೆ ಪಾರ್ಸಲ್ ಮಾಡಲು ಹೋದೆ. ಹಿಂದೆ ನಾನು ಕೂರುತ್ತಿದ್ದಂಥದೇ ಕಿಟಕಿಯ ಆಚೆ ಈಗ ಕೂರುವ ಹುಡುಗಿ ಕಸ್ಟಮ್ಸ್ ಫಾರ್ಮು ಮುಂದಿಟ್ಟಳು. ಒಳಗೇನಿದೆ ಎಂದು ಬರೆಯುವ ಕಾಲಂ ಇದೆ. ರಾಕೆಟ್ಟಿನ ಬಿಡಿಭಾಗ ಎಂದು ಬರೆದರೆ ಪಾರ್ಸಲ್ಲಿನ ಗತಿ ಏನಾಗುತ್ತದೆಂದು ಇಲಾಖೆಯಲ್ಲಿದ್ದ ನನಗೆ ಗೊತ್ತು.

"ಏನ್ ಬರೀಲ್ರಿ ಸರ?"

"ಮರದ ಹಲಗಿ, ಒಂದು."

ಅವಳು ತೂಕದ ಯಂತ್ರದ ಮೇಲಿಟ್ಟು, ಹಣದ ಮೊತ್ತ ನೋಡಿ, ನನ್ನ ಮುಖ ನೋಡಿದಳು. "ಇಷ್ಟ್ ರೊಕ್ಕಾ ಕೊಟ್ಟು ಹಲಗಿ ಕಳಸ್ತೀರಲ್ರಿ, ಅಮೆರಿಕಾದಾಗ ಕಟಗಿ ಸಿಗಂಗಿಲ್ಲೇನ್ರಿ?"

"ಕಟಗಿ ಸಿಗ್ತೈತವ್ವಾ," ಎಂದೆ, "ಬಡಿಗೇರ ಸಿಗಂಗಿಲ್ಲ." ಅವಳು ಚಿಲ್ಲರೆ ಇಲ್ಲ ಎಂದು ಎರಡು ಅಂಚೆಚೀಟಿ ಕೊಟ್ಟಳು.